ಬಿಎಗೆ ವಿಷಯ ಆರಿಸುವ ಮುನ್ನ: ಕಲಾ ವಿಷಯಗಳನ್ನು ಓದಿ, ಕೂತು, ಬರೆದು ನೋಡುವ ಸಮಗ್ರ ಮಾರ್ಗದರ್ಶಿ

ಆಗಸ್ಟ್ ಬಂತೆಂದರೆ ಅದೇ ಪ್ರಶ್ನೆಗಳು ಶುರು. "ಬಿಎ ಸೇರಿ ತಿಂಗಳಾಯ್ತು, ಸೈಕಾಲಜಿ ತಲೆಗೆ ಹತ್ತುತ್ತಿಲ್ಲ, ಬದಲಿಸಬಹುದಾ?" "ಐಚ್ಛಿಕ ಕನ್ನಡ ಅಂದ್ರೆ ಕತೆ, ಕಾದಂಬರಿ ಅಂದ್ಕೊಂಡಿದ್ದೆ, ಇಲ್ಲಿ ನೋಡಿದ್ರೆ ಹಳಗನ್ನಡ, ಛಂದಸ್ಸು." ಕೇಳುವವರು ಧಾರವಾಡದವರಾಗಲಿ, ಹಾವೇರಿಯವರಾಗಲಿ, ಆಗಿರುವ ತಪ್ಪು ಒಂದೇ. ವಿಷಯದ ಹೆಸರು ನೋಡಿ ಆರಿಸಿರುತ್ತಾರೆ. ಆ ವಿಷಯದಲ್ಲಿ ದಿನಾ ಮಾಡಬೇಕಾದ ಕೆಲಸ ಏನು ಅಂತ ನೋಡಿರುವುದಿಲ್ಲ.

ಈ ಬರಹ ಪಿಯು ಎರಡನೇ ವರ್ಷದಲ್ಲಿ ಇರುವವರಿಗೆ, ರಿಸಲ್ಟ್ ಬಂದು ಅರ್ಜಿ ಹಾಕಲು ಕೂತವರಿಗೆ. ಸೈನ್ಸ್, ಕಾಮರ್ಸ್ ಮುಗಿಸಿ ಬಿಎ ಕಡೆ ಬರುವವರಿಗಂತೂ ಜಾಸ್ತಿ ಬೇಕು, ಯಾಕೆಂದರೆ ಅವರು ಈ ವಿಷಯಗಳನ್ನು ಹತ್ತನೇ ತರಗತಿಯ ಸಮಾಜ ವಿಜ್ಞಾನದ ನೆನಪಿನಲ್ಲೇ ತೂಗುತ್ತಾರೆ. ಪೂರ್ತಿ ಮಾಡಲು ಸುಮಾರು ಮೂರು ವಾರ ಬೇಕು. ಅಷ್ಟು ಸಮಯ ಇಲ್ಲದಿದ್ದರೆ ಹಂತ 1, 4 ಮತ್ತು 6 ಮಾತ್ರ ಮಾಡಿ. ಆದರೆ ಹಂತಗಳ ಕ್ರಮ ತಪ್ಪಿಸಬೇಡಿ. ಮೊದಲು ನಿಯಮ, ಆಮೇಲೆ ಕೆಲಸ, ಆಮೇಲೆ ತರಗತಿ, ಕೊನೆಗೆ ಸೀನಿಯರ್‌ಗಳ ಮಾತು. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಸೀನಿಯರ್ ಹತ್ತಿರ ಹೋಗುತ್ತಾರೆ, "ಎಚ್‌ಇಪಿ ತಗೋ ತಮ್ಮಾ, ಆರಾಮ ಪಾಸ್ ಆಗ್ತೀ" (ಎಚ್‌ಇಪಿ ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಎಂಬ ಮಾತು ಕಿವಿಗೆ ಬೀಳುತ್ತದೆ, ಅಲ್ಲಿಗೆ ಹುಡುಕಾಟ ಮುಗಿಯಿತು.

## ಬೇಕಾದ ಸಾಮಾನು

ಒಂದು ಇನ್ನೂರು ಪುಟದ ನೋಟ್‌ಬುಕ್. ಇಂಟರ್ನೆಟ್ ಇರುವ ಫೋನ್. ನೋಡಬೇಕೆಂದಿರುವ ವಿಷಯಗಳ ಮೊದಲ ಸೆಮಿಸ್ಟರ್ ಸಿಲೆಬಸ್, ಹಳೆಯ ಪ್ರಶ್ನೆಪತ್ರಿಕೆ. ಪಾಸ್‌ಪೋರ್ಟ್ ಸೈಜ್ ಫೋಟೊ, ಪಿಯು ಕಾಲೇಜಿನ ಗುರುತಿನ ಚೀಟಿ (ಗೇಟಿನಲ್ಲಿ ಕೇಳುತ್ತಾರೆ). ಒಂದು ವಾಚು, ಅಥವಾ ಫೋನಿನ ಟೈಮರ್.

ಪುಸ್ತಕ ಮಾತ್ರ ಈಗ ಕೊಳ್ಳಬೇಡಿ. ಗೈಡ್ ಅಂತೂ ಬೇಡವೇ ಬೇಡ. ದುಡ್ಡು ಕೊಟ್ಟು ಪುಸ್ತಕ ತಂದ ಮೇಲೆ ಆ ವಿಷಯ ಬಿಡಲು ಮನಸ್ಸು ಬರುವುದಿಲ್ಲ.

## ಹಂತ 1: ಮೊದಲು ಕಾಲೇಜು ಕಚೇರಿ, ಆಮೇಲೆ ಕನಸು

ಯಾವ ವಿಷಯ ಇಷ್ಟ ಎಂದು ಯೋಚಿಸುವ ಮುಂಚೆ ಯಾವ ವಿಷಯ ಸಿಗುತ್ತದೆ ಎಂದು ತಿಳಿಯಬೇಕು. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ವಿಷಯ ಇದ್ದರೆ ಸಾಲದು, ನಿಮ್ಮ ಕಾಲೇಜಿನಲ್ಲಿ ಅದನ್ನು ಕಲಿಸುತ್ತಿರಬೇಕು. ಕಲಿಸುತ್ತಿದ್ದರೂ ನಿಮಗೆ ಬೇಕಾದ ಇನ್ನೆರಡು ವಿಷಯಗಳ ಜೊತೆ ಅದು ಒಂದೇ ಕಾಂಬಿನೇಶನ್‌ನಲ್ಲಿ ಇರಬೇಕು. ಇತಿಹಾಸ ಮತ್ತು ಭೂಗೋಳ ಎರಡೂ ಇದ್ದು, ಎರಡರ ಕ್ಲಾಸೂ ಒಂದೇ ಹೊತ್ತಿಗೆ ಇಟ್ಟಿರುವ ಕಾಲೇಜುಗಳಿವೆ. ಅಂಥ ಕಡೆ ಎರಡನ್ನೂ ತೆಗೆದುಕೊಳ್ಳಲು ಆಗುವುದಿಲ್ಲ.

ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದನ್ನೂ ಕೇಳಿ. ಮೊದಲು ಈ ಭಾಗದಲ್ಲೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. 2023ರಲ್ಲಿ ಹಾವೇರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. ಸಿಲೆಬಸ್ ಇಳಿಸಿಕೊಳ್ಳುವಾಗ ಬೇರೆ ವಿಶ್ವವಿದ್ಯಾಲಯದ್ದನ್ನು ಇಳಿಸಿಕೊಂಡರೆ ಮುಂದಿನ ಶ್ರಮ ಪೂರ್ತಿ ವ್ಯರ್ಥ.

ಇನ್ನೊಂದು ಗೊಂದಲ ಪದ್ಧತಿಯದು. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಪದವಿ ಪದ್ಧತಿ ಇತ್ತು. 2024-25ರಿಂದ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದಾರೆ. ನಡುವೆ ಸೇರಿದ ಅಕ್ಕ, ಅಣ್ಣಂದಿರು ಹೇಳುವ ಓಪನ್ ಇಲೆಕ್ಟಿವ್, ಮೇಜರ್, ಮೈನರ್ ಲೆಕ್ಕ ನಿಮಗೆ ಹಾಗೇ ಹೊಂದುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಅವರ ನಿಯಮ ಬೇರೆ ಇತ್ತು, ಅಷ್ಟೇ.

ಕಚೇರಿಯಲ್ಲಿ ಇಷ್ಟು ಕೇಳಿ, ಉತ್ತರವನ್ನು ಅಲ್ಲೇ ನಿಂತು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ:

1. ಈ ವರ್ಷ ಯಾವ್ಯಾವ ಕಾಂಬಿನೇಶನ್ ಕೊಡುತ್ತೀರಿ? ಮುದ್ರಿತ ಪಟ್ಟಿ ಇದೆಯಾ?
2. ಇಷ್ಟು ವಿದ್ಯಾರ್ಥಿಗಳು ಸೇರದಿದ್ದರೆ ವಿಷಯ ನಡೆಸುವುದಿಲ್ಲ ಎಂಬ ನಿಯಮ ಇದೆಯಾ? ಕಳೆದ ವರ್ಷ ಯಾವುದಾದರೂ ವಿಷಯ ಹಾಗೆ ನಿಂತಿತ್ತಾ?
3. ಸೇರಿದ ಮೇಲೆ ವಿಷಯ ಬದಲಿಸಲು ಎಷ್ಟು ದಿನ ಅವಕಾಶ? ಯಾರಿಗೆ ಅರ್ಜಿ ಕೊಡಬೇಕು? ಶುಲ್ಕ ಎಷ್ಟು?
4. ಯಾವ ವಿಷಯಕ್ಕೆ ಪ್ರ್ಯಾಕ್ಟಿಕಲ್ ಇದೆ? ಅದು ಬೆಳಿಗ್ಗೆಯೋ, ಮಧ್ಯಾಹ್ನವೋ?
5. ಕನ್ನಡ ಮಾಧ್ಯಮದಲ್ಲಿ ಪಾಠ ಇದೆಯಾ, ಅಥವಾ ಪರೀಕ್ಷೆ ಮಾತ್ರ ಕನ್ನಡದಲ್ಲಿ ಬರೆಯಬಹುದಾ?

ಮೂರನೇ ಪ್ರಶ್ನೆಗೆ "ಅದೆಲ್ಲ ಆಮೇಲೆ ನೋಡೋಣ ಬಿಡು" ಎಂಬ ಉತ್ತರ ಬಂದರೆ ಎಚ್ಚರವಾಗಿರಿ. ಬದಲಾವಣೆಯ ಕೊನೆಯ ದಿನಾಂಕವನ್ನು ವಿಶ್ವವಿದ್ಯಾಲಯ ನಿಗದಿ ಮಾಡುತ್ತದೆ. ಪ್ರವೇಶದ ವಿವರ ರಾಜ್ಯ ಸರ್ಕಾರದ ಯುಯುಸಿಎಂಎಸ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಅವಧಿ ಮುಗಿದ ಮೇಲೆ ಪ್ರಿನ್ಸಿಪಾಲರಿಗೆ ಮನಸ್ಸಿದ್ದರೂ ಅವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ನಾಲ್ಕನೇ ಪ್ರಶ್ನೆ ಸಣ್ಣದೆಂದು ಬಿಡಬೇಡಿ. ಶಿರಹಟ್ಟಿ ಕಡೆಯ ಹಳ್ಳಿಯಿಂದ ಗದಗಕ್ಕೆ, ರಾಣೆಬೆನ್ನೂರು ಕಡೆಯಿಂದ ಹಾವೇರಿಗೆ ದಿನಾ ಓಡಾಡುವವರಿಗೆ ಮಧ್ಯಾಹ್ನದ ಪ್ರ್ಯಾಕ್ಟಿಕಲ್ ಅಂದರೆ ಊರಿನ ಬಸ್ಸು ತಪ್ಪಿತು ಅಂತ ಅರ್ಥ. ಸೈಕಾಲಜಿ, ಭೂಗೋಳ ಎರಡಕ್ಕೂ ಪ್ರ್ಯಾಕ್ಟಿಕಲ್ ಇದೆ, ಜರ್ನಲ್ (ಪ್ರ್ಯಾಕ್ಟಿಕಲ್‌ನ ದಾಖಲೆ ಪುಸ್ತಕ) ಬರೆಯುವುದಿದೆ. ಹಾಸ್ಟೆಲ್ ಸಿಗುವುದು ಖಚಿತವಿಲ್ಲದಿದ್ದರೆ ಊರಿನ ಕೊನೆಯ ಬಸ್ಸಿನ ಟೈಮು ನೋಡಿಯೇ ಮುಂದುವರಿಯಿರಿ.

## ಹಂತ 2: ಸಿಲೆಬಸ್ ಇಳಿಸಿ, ಮೂರು ಬಣ್ಣದ ಗೆರೆ ಎಳೆಯಿರಿ

ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬಿಎ ಸಿಲೆಬಸ್ ಪಿಡಿಎಫ್ ಇರುತ್ತದೆ. ಸಿಗದಿದ್ದರೆ ಕಾಲೇಜಿನ ಲೈಬ್ರರಿಯಲ್ಲಿ, ಇಲ್ಲವೇ ಜೆರಾಕ್ಸ್ ಅಂಗಡಿಯಲ್ಲಿ ಕೇಳಿ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವರ ಹತ್ತಿರ ಹೆಚ್ಚಾಗಿ ಎಲ್ಲ ಸೆಮಿಸ್ಟರ್‌ನದೂ ಇರುತ್ತದೆ.

ಐದಾರು ವಿಷಯಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ. ಪ್ರತಿ ಘಟಕದ ಹೆಸರು ಓದುತ್ತ ಹೋಗಿ. ಕೇಳಿ ಗೊತ್ತಿರುವುದಕ್ಕೆ ಒಂದು ಬಣ್ಣ, ಗೊತ್ತಿಲ್ಲ ಆದರೆ ತಿಳಿಯುವ ಆಸೆ ಇದೆ ಎನ್ನುವುದಕ್ಕೆ ಇನ್ನೊಂದು, ಓದುವಾಗಲೇ ಆಕಳಿಕೆ ಬಂದದ್ದಕ್ಕೆ ಮೂರನೆಯದು. ಮೊದಲ ಸೆಮಿಸ್ಟರ್ ಮಾತ್ರ ನೋಡಿ ನಿಲ್ಲಬೇಡಿ, ಕೊನೆಯ ವರ್ಷದ್ದನ್ನೂ ನೋಡಿ. ಅರ್ಥಶಾಸ್ತ್ರದಲ್ಲಿ ಅಂಕಿಅಂಶ ಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಸಂಶೋಧನಾ ವಿಧಾನ, ಕನ್ನಡದಲ್ಲಿ ಭಾಷಾವಿಜ್ಞಾನ ಒಳಗೆ ಅಡಗಿ ಕೂತಿರುತ್ತವೆ.

ಪೂರ್ತಿ ಹಾಳೆ "ಗೊತ್ತಿರುವ" ಬಣ್ಣದಲ್ಲಿ ಇದ್ದರೆ ಖುಷಿಪಡಬೇಡಿ. ಆ ವಿಷಯ ಸುಲಭ ಅಂತ ಅಲ್ಲ. ಪಿಯು ನೋಟ್ಸನ್ನೇ ಮತ್ತೊಮ್ಮೆ ಓದಿದರೆ ಸಾಕು ಎಂದು ನೀವು ಅಂದುಕೊಂಡಿದ್ದೀರಿ ಅಂತ.

## ಹಂತ 3: ಒಂದೇ ಘಟನೆಗೆ ಎಲ್ಲ ವಿಷಯದ ಪ್ರಶ್ನೆ ಹಾಕಿ

ಇದು ಒಂದು ಸಂಜೆಯ ಕೆಲಸ. ಈ ವಿಷಯಗಳೆಲ್ಲ ಒಂದೇ ತರಹ, ಎಲ್ಲ ಬಾಯಿಪಾಠ ಎಂಬ ಭ್ರಮೆ ಇದರಿಂದ ಬಿಡುತ್ತದೆ.

ನಮ್ಮ ಭಾಗದ ಒಂದು ಘಟನೆ ತೆಗೆದುಕೊಳ್ಳೋಣ: 1980ರ ನರಗುಂದ, ನವಲಗುಂದ ರೈತ ಬಂಡಾಯ. ಮನೆಯ ಹಿರಿಯರಿಗೆ ನೆನಪಿರುತ್ತದೆ. ಮಲಪ್ರಭಾ ಕಾಲುವೆ ಬಂದ ಜಮೀನಿಗೆ ಬೆಟರ್‌ಮೆಂಟ್ ಲೆವಿ ಎಂಬ ಕರ ಹಾಕಿದರು. ರೈತರು ಕಟ್ಟುವುದಿಲ್ಲ ಎಂದರು. ಜುಲೈ 21ರಂದು ಗೋಲಿಬಾರ್ ಆಗಿ ರೈತರು ಸತ್ತರು. ಈಗಲೂ ಪ್ರತಿ ವರ್ಷ ಆ ದಿನ ನರಗುಂದದಲ್ಲಿ ಹುತಾತ್ಮ ರೈತರನ್ನು ನೆನೆಯುತ್ತಾರೆ.

ಇತಿಹಾಸದವರು ಕೇಳುವುದು: ಆ ದಿನ ಏನೇನಾಯಿತು ಎಂದು ಯಾವ ಆಧಾರದಿಂದ ಹೇಳುತ್ತೀರಿ? ಪತ್ರಿಕೆ ಬರೆದದ್ದು, ಪೊಲೀಸರು ಬರೆದದ್ದು, ನಿಮ್ಮಜ್ಜ ಹೇಳಿದ್ದು ಮೂರೂ ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದನ್ನು ಎಷ್ಟು ನಂಬಬೇಕು?

ಅರ್ಥಶಾಸ್ತ್ರದವರು ಎಕರೆಯ ಲೆಕ್ಕಕ್ಕೆ ಬರುತ್ತಾರೆ. ನೀರು ಬಂದ ಮೇಲೆ ಜಮೀನಿನ ಆದಾಯ ಎಷ್ಟು ಏರಿತು, ಬೀಜ, ಗೊಬ್ಬರದ ಖರ್ಚು ಎಷ್ಟು ಏರಿತು, ಬೆಳೆಯ ಬೆಲೆ ಏನಾಗಿತ್ತು, ಕರ ಆದಾಯಕ್ಕೆ ಹೊಂದುತ್ತಿತ್ತಾ?

ರಾಜ್ಯಶಾಸ್ತ್ರದವರಿಗೆ ಬೇಕಾದದ್ದು ಅಧಿಕಾರದ ದಾರಿ. ಕರ ಹಾಕುವ ತೀರ್ಮಾನ ಯಾರದು? ಆಗ ಗುಂಡೂರಾವ್ ಸರ್ಕಾರ ಇತ್ತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಇವುಗಳ ನಡುವೆ ಸಂಬಂಧ ಇದೆ ಎಂದು ಹೇಳುವುದು ಸುಲಭ, ತೋರಿಸುವುದು ಹೇಗೆ?

ಸಮಾಜಶಾಸ್ತ್ರದವರು ಚಳವಳಿಯ ಒಳಗೆ ನೋಡುತ್ತಾರೆ. ಬೀದಿಗೆ ಬಂದವರು ಎಷ್ಟು ಎಕರೆಯವರು, ಯಾವ ಜಾತಿಯವರು? ಕೂಲಿಗೆ ಹೋಗುವವರು ಎಲ್ಲಿದ್ದರು? ಹೆಣ್ಣುಮಕ್ಕಳು?

ಭೂಗೋಳದವರು ನಕ್ಷೆ ಹಿಡಿದು ಕೂರುತ್ತಾರೆ: ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ಎಲ್ಲೆಲ್ಲಿ ಹರಿಯಿತು, ಎರೆಮಣ್ಣಿನಲ್ಲಿ ನೀರು ನಿಂತರೆ ಏನಾಗುತ್ತದೆ, ಕಾಲುವೆಯ ಕೊನೆಯ ಹಳ್ಳಿಗೆ ನೀರು ಮುಟ್ಟಿತಾ? ಸೈಕಾಲಜಿಯವರು ಒಬ್ಬೊಬ್ಬರಾಗಿ ಸುಮ್ಮನಿದ್ದ ಜನ ಗುಂಪಿನಲ್ಲಿ ಬೇರೆಯೇ ಆಗುವುದೇಕೆ ಎಂದು ಕೇಳುತ್ತಾರೆ. ಕನ್ನಡದವರು ಆ ಬಂಡಾಯದ ಸುತ್ತ ಹುಟ್ಟಿದ ಹಾಡು, ಲಾವಣಿಯನ್ನು ಹುಡುಕಿ, ಅದರ ಭಾಷೆ ಹೇಗೆ ಕೆಲಸ ಮಾಡಿದೆ ಎಂದು ನೋಡುತ್ತಾರೆ.

ಈಗ ನಿಮ್ಮ ಕೆಲಸ. ಮೇಲಿನ ಯಾವ ಪ್ರಶ್ನೆ ಓದಿದಾಗ "ಹೌದಲ್ಲ, ಯಾಕೆ?" ಅನ್ನಿಸಿತು? ಅದರ ಮುಂದೆ ಗುರುತು ಹಾಕಿ. ಆಮೇಲೆ ಬೇರೆ ಒಂದು ಘಟನೆಗೆ ನೀವೇ ಈ ಏಳು ಪ್ರಶ್ನೆ ಬರೆಯಿರಿ. ನಿಮ್ಮೂರಿನ ಜಾತ್ರೆ ಆಗಬಹುದು, ಮಹದಾಯಿ ಹೋರಾಟ ಆಗಬಹುದು, ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸು ಬಂದದ್ದೂ ಆಗಬಹುದು. ಯಾವ ವಿಷಯದ ಪ್ರಶ್ನೆ ಬರೆಯಲು ಪೆನ್ನು ನಿಂತಿತೋ ಅದನ್ನೂ ಗುರುತು ಮಾಡಿ. ಪ್ರಶ್ನೆಯೇ ಹುಟ್ಟದ ವಿಷಯದಲ್ಲಿ ಮೂರು ವರ್ಷ ಉತ್ತರ ಬರೆಯುವುದು ಕಷ್ಟ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಘಟನೆ ಇಷ್ಟವಾದರೆ ವಿಷಯವೂ ಇಷ್ಟ ಅಂದುಕೊಳ್ಳುತ್ತಾರೆ. ಶಿವಾಜಿಯ ಕತೆ ಇಷ್ಟ ಎಂದು ಇತಿಹಾಸ, ಕ್ರೈಮ್ ಸೀರಿಯಲ್ ಇಷ್ಟ ಎಂದು ಅಪರಾಧಶಾಸ್ತ್ರ. ಕತೆ ಕೇಳುವುದು ಬೇರೆ, ಕತೆಯನ್ನು ಅನುಮಾನಿಸುವುದು ಬೇರೆ. ಡಿಗ್ರಿಯಲ್ಲಿ ಮಾಡುವುದು ಎರಡನೆಯದು.

## ಹಂತ 4: ಪ್ರತಿ ವಿಷಯದ ದಿನಗೂಲಿ ಕೆಲಸ ಮಾಡಿ ನೋಡಿ

ಮೂರನೇ ಹಂತ ದಾಟಿ ಉಳಿದ ವಿಷಯಗಳಿಗೆ ಒಂದೊಂದು ದಿನ ಕೊಡಿ. ಓದುವ ದಿನ ಅಲ್ಲ, ಮಾಡುವ ದಿನ. ಕೆಲಸ ಮಾಡುತ್ತ ಎಷ್ಟು ಸಲ ಫೋನ್ ಕೈಗೆ ತೆಗೆದುಕೊಂಡಿರಿ ಎಂದು ಅಂಚಿನಲ್ಲಿ ಗೆರೆ ಹಾಕುತ್ತ ಹೋಗಿ. ತಮಾಷೆಯಲ್ಲ, ಇದಕ್ಕಿಂತ ಪ್ರಾಮಾಣಿಕ ಅಂಕಪಟ್ಟಿ ಸಿಗಲಿಕ್ಕಿಲ್ಲ.

ಇತಿಹಾಸ. ಗದಗದಿಂದ ಲಕ್ಕುಂಡಿಗೆ ಬಸ್ಸಿನಲ್ಲಿ ಅರ್ಧ ಗಂಟೆ ಹಾದಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಹೋಗಿ. ನೋಟ್‌ಬುಕ್ ಪುಟವನ್ನು ಮೂರು ಭಾಗ ಮಾಡಿ. ಒಂದರಲ್ಲಿ ಕಲ್ಲಿನಲ್ಲಿ ನಿಮ್ಮ ಕಣ್ಣಿಗೆ ಕಾಣುವುದು, ಇನ್ನೊಂದರಲ್ಲಿ ಪುರಾತತ್ವ ಇಲಾಖೆಯ ಫಲಕ ಹೇಳುವುದು, ಮೂರನೆಯದರಲ್ಲಿ ಅಲ್ಲಿನ ಜನ ಹೇಳುವುದು. ಬಲಿಷ್ಠವಾದ ಕಂಬ, ಅದರ ಮೇಲಿನ ನುಣುಪು, ಮುರಿದ ಮೂಗಿನ ವಿಗ್ರಹ, ಗೋಡೆಗೆ ಒರಗಿಸಿ ನಿಲ್ಲಿಸಿದ ಶಾಸನದ ಕಲ್ಲು, ಎಲ್ಲ ಬರೆಯಿರಿ. ಮನೆಗೆ ಬಂದು ಮೂರೂ ಭಾಗ ಎಲ್ಲಿ ಜಗಳವಾಡುತ್ತವೆ ಎಂದು ಒಂದು ಪುಟ ಬರೆಯಿರಿ. ಹಾವೇರಿಯವರು ಸಿದ್ಧೇಶ್ವರ ದೇವಸ್ಥಾನದಲ್ಲಿ, ಹುಬ್ಬಳ್ಳಿಯವರು ಉಣಕಲ್ಲಿನ ಚಂದ್ರಮೌಳೇಶ್ವರದಲ್ಲಿ ಇದನ್ನೇ ಮಾಡಬಹುದು. ಸೆಲ್ಫಿ ತೆಗೆದು ಬಂದು, ಬರೆಯುವ ಕೆಲಸ "ನಾಳೆ ಮಾಡಿದ್ರಾಯ್ತು" ಅನ್ನಿಸಿದರೆ ನಿಮಗೆ ಪ್ರವಾಸ ಇಷ್ಟ, ಇತಿಹಾಸ ಅಷ್ಟಕ್ಕಷ್ಟೇ.

ಅರ್ಥಶಾಸ್ತ್ರ. ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಎಪಿಎಂಸಿ ದರಗಳು ಸಿಗುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಒಂದು ತಿಂಗಳ ಆವಕ (ಮಾರುಕಟ್ಟೆಗೆ ಬಂದ ಮಾಲು) ಮತ್ತು ದರ ತೆಗೆದುಕೊಳ್ಳಿ. ಗ್ರಾಫ್ ಹಾಳೆಯ ಮೇಲೆ ಕೈಯಿಂದಲೇ ಹಾಕಿ. ಆವಕ ಏರಿದ ದಿನ ದರ ಇಳಿಯಿತಾ? ಇಳಿಯದಿದ್ದರೆ ಯಾಕೆ? ಶೀತಲಗೃಹದಲ್ಲಿಟ್ಟ ಹಳೆಯ ಮಾಲು, ಕಾಯಿಯ ಬಣ್ಣ, ತೇವ, ಹೊರರಾಜ್ಯದಿಂದ ಬಂದ ಮಾಲು, ಇಂಥ ಕಾರಣ ಹುಡುಕಲು ಮಜಾ ಬಂದರೆ ಒಳ್ಳೆಯ ಸೂಚನೆ. ಶೇಕಡಾವಾರು ಲೆಕ್ಕಕ್ಕೇ ಬೆವರು ಬಂದರೆ ಇನ್ನೊಮ್ಮೆ ಯೋಚಿಸಿ. ಸೈನ್ಸ್ ಓದಿದವರಿಗೆ ಗಣಿತದ ಭಯ ಇರುವುದಿಲ್ಲ, ಆದರೆ "ಕಾರಣ ಒಂದೇ ಅಲ್ಲ" ಎಂದರೆ ಸಿಟ್ಟು ಬರುತ್ತದೆ. ಅವರು ಅದನ್ನು ಗಮನಿಸಿಕೊಳ್ಳಲಿ.

ರಾಜ್ಯಶಾಸ್ತ್ರ. ನಿಮ್ಮ ಪಂಚಾಯಿತಿಯ ಗ್ರಾಮ ಸಭೆಗೆ ಹೋಗಿ ಹಿಂದೆ ಕೂರಿ. ಸಂವಿಧಾನದ 73ನೇ ತಿದ್ದುಪಡಿ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆಂದು 29 ವಿಷಯ ಪಟ್ಟಿ ಮಾಡಿದೆ. ಆ ಪಟ್ಟಿ ಕೈಯಲ್ಲಿ ಹಿಡಿದು, ಸಭೆಯಲ್ಲಿ ಎಷ್ಟು ವಿಷಯ ಮಾತಿಗೆ ಬಂತು, ಯಾರು ಮಾತಾಡಿದರು, ಕೊನೆಗೆ ನಡಾವಳಿ ಪುಸ್ತಕದಲ್ಲಿ ಏನು ಬರೆದರು ಎಂದು ನೋಡಿ. ಪಕ್ಷದ ಜಗಳ ಇಷ್ಟಪಡುವವರಿಗೆ ಇದು ಬೋರು. ನಿಯಮ ಒಂದು, ನಡೆಯುವುದು ಇನ್ನೊಂದು ಯಾಕೆ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಅಲ್ಲ.

ಸಮಾಜಶಾಸ್ತ್ರ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲೋ, ನಿಮ್ಮೂರ ಸಂತೆಯಲ್ಲೋ ಒಂದು ಗಂಟೆ ಒಂದೇ ಕಡೆ ನಿಲ್ಲಿ. ಯಾರು ಮಾರುತ್ತಾರೆ, ಯಾರು ಚೌಕಾಸಿ ಮಾಡುತ್ತಾರೆ, ಯಾರು ನೆಲದ ಮೇಲೆ, ಯಾರು ಕಟ್ಟೆಯ ಮೇಲೆ ಕೂತಿದ್ದಾರೆ. ಅಭಿಪ್ರಾಯ ಬರೆಯಬೇಡಿ, ಕಂಡದ್ದು ಮಾತ್ರ. "ಇತ್ತೀಚೆಗೆ ಸಮಾಜ ಕೆಟ್ಟಿದೆ" ಎಂಬ ವಾಕ್ಯ ಮೊದಲ ಪುಟದಲ್ಲೇ ಬಂದರೆ ನೀವು ಭಾಷಣಕ್ಕೆ ತಯಾರಾಗಿದ್ದೀರಿ, ಸಮಾಜಶಾಸ್ತ್ರಕ್ಕಲ್ಲ.

ಐಚ್ಛಿಕ ಕನ್ನಡ. ಸಿಲೆಬಸ್‌ನಲ್ಲಿರುವ ಹಳಗನ್ನಡದ ಹತ್ತು ಪದ್ಯ ತೆಗೆದುಕೊಳ್ಳಿ. ಗದ್ಯಾನುವಾದ ಮುಚ್ಚಿಡಿ. ನಿಘಂಟು ಮಾತ್ರ ಇಟ್ಟುಕೊಂಡು ಪದ ಬಿಡಿಸಿ, ಪ್ರಸ್ತಾರ ಹಾಕಿ, ಗಣ ವಿಭಾಗ ಮಾಡಿ. ಎರಡು ಗಂಟೆಯಲ್ಲಿ ಮೂರೇ ಪದ್ಯ ಆದರೂ ಪರವಾಗಿಲ್ಲ. ಮೂರನೆಯದು ಬಿಚ್ಚಿಕೊಂಡಾಗ ಖುಷಿ ಆಯಿತಾ ಎಂಬುದೇ ಪರೀಕ್ಷೆ. ಕಾದಂಬರಿ ಓದುವ ಹವ್ಯಾಸ ಒಳ್ಳೆಯದು, ಆದರೆ ಅದೊಂದನ್ನೇ ನಂಬಿ ಇಲ್ಲಿಗೆ ಬರಬೇಡಿ. ಜನಪದದ ಕಡೆ ಒಲವಿರುವವರು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ ಎಂಬುದನ್ನು ಮರೆಯಬೇಡಿ, ಒಮ್ಮೆ ಹೋಗಿ ನೋಡಿ ಬನ್ನಿ.

ಸೈಕಾಲಜಿ. ಇದರಲ್ಲಿ ನಿರಾಸೆ ಹೆಚ್ಚು. ಮನಸ್ಸು ಓದುವುದು, ಗೆಳತಿಯ ಸಮಸ್ಯೆ ಬಿಡಿಸುವುದು ಎಂದು ಬರುತ್ತಾರೆ. ಮೊದಲು ಸಿಗುವುದು ನರಮಂಡಲ, ಸಂವೇದನೆ, ಸ್ಮರಣೆಯ ಪ್ರಯೋಗ, ಅದರ ಕೋಷ್ಟಕ. ಮನೆಯಲ್ಲಿ ಐದು ಜನರಿಗೆ ಅರ್ಥವಿಲ್ಲದ ಹನ್ನೆರಡು ಅಕ್ಷರಗುಚ್ಛ ಓದಿ ಹೇಳಿ, ನೆನಪಿರುವುದನ್ನು ಬರೆಸಿ. ಮೊದಲಿನವು, ನಡುವಿನವು, ಕೊನೆಯವು ಎಷ್ಟೆಷ್ಟು ನೆನಪಾದವು ಎಂದು ಕೋಷ್ಟಕ ಹಾಕಿ. ಕೋಷ್ಟಕ ಬೇಸರ ತಂದರೆ ಜರ್ನಲ್ ಇನ್ನೂ ಬೇಸರ ತರುತ್ತದೆ.

ಭೂಗೋಳಕ್ಕೆ ನಿಮ್ಮೂರಿನ ಭೂಪಟದಲ್ಲಿ ಸಮೋನ್ನತ ರೇಖೆ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಓದಿ ನೋಡಿ. ತತ್ವಶಾಸ್ತ್ರಕ್ಕೆ ಒಂದು ವಾದವನ್ನು ಬರೆದು, ಅದರ ವಿರುದ್ಧ ಅಷ್ಟೇ ಗಟ್ಟಿಯಾಗಿ ಬರೆಯಿರಿ. ಪತ್ರಿಕೋದ್ಯಮ ಬೇಕೆನ್ನುವವರು ಒಂದು ಸಭೆಯ ವರದಿಯನ್ನು ಇನ್ನೂರು ಪದದಲ್ಲಿ ಅದೇ ರಾತ್ರಿ ಮುಗಿಸಲಿ.

## ಹಂತ 5: ತರಗತಿಯಲ್ಲಿ ಕೂತು ನೋಡಿ

ನಮ್ಮ ಕಡೆ ಇದಕ್ಕೆ ಅಂತ ವ್ಯವಸ್ಥೆ ಇಲ್ಲ. ಆದರೆ ಕೇಳಿದರೆ ಬೇಡ ಎನ್ನುವವರು ಕಡಿಮೆ. ತಪ್ಪುವುದು ಕೇಳುವ ರೀತಿಯಲ್ಲಿ. ನೇರವಾಗಿ ತರಗತಿಗೆ ನುಗ್ಗಬೇಡಿ, ವಾಟ್ಸಾಪ್ ಸಂದೇಶ ಕಳಿಸಿ ಕಾಯಬೇಡಿ. ಬೆಳಿಗ್ಗೆ ಹತ್ತರ ಮುಂಚೆ ಸ್ಟಾಫ್ ರೂಮಿಗೆ ಹೋಗಿ ವಿಭಾಗದ ಮುಖ್ಯಸ್ಥರನ್ನು ಕಾಣಿ. "ನಮಸ್ಕಾರ ಸರ್, ನಾನು ಪಿಯು ಸೆಕೆಂಡ್ ಇಯರ್. ಮುಂದೆ ಬಿಎ ಮಾಡಬೇಕಂತೀನಿ. ನಿಮ್ಮ ಫಸ್ಟ್ ಇಯರ್ ಕ್ಲಾಸಿನಲ್ಲಿ ಎರಡು ದಿನ ಹಿಂದೆ ಕೂತು ಕೇಳಬಹುದಾ?" ಇಷ್ಟು ಸಾಕು. ಪ್ರಿನ್ಸಿಪಾಲರ ಒಪ್ಪಿಗೆ ಬೇಕೆಂದರೆ ಅರ್ಧ ಪುಟದ ಅರ್ಜಿ ಕೊಡಿ, ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿ.

ಯಾವಾಗ ಹೋಗಬೇಕು ಎಂಬುದು ಮುಖ್ಯ. ಪಿಯು ರಿಸಲ್ಟ್ ಬಂದ ಮೇಲೆ ಹೋದರೆ ಡಿಗ್ರಿ ಕಾಲೇಜಿನಲ್ಲಿ ಪಾಠ ಮುಗಿದು ಪರೀಕ್ಷೆ ನಡೆಯುತ್ತಿರಬಹುದು. ಎರಡನೇ ವರ್ಷದ ದಸರಾ ರಜೆ ಒಳ್ಳೆಯ ಸಮಯ, ಹಬ್ಬದ ದಿನ ಬಿಟ್ಟು. ಹೋಗುವ ಮುಂಚೆ ಫೋನ್ ಮಾಡಿ ಪಾಠ ಇದೆಯಾ ಎಂದು ಕೇಳಿ.

ಒಂದೇ ತರಗತಿ ನೋಡಿ ತೀರ್ಮಾನ ಬೇಡ. ಒಳ್ಳೆಯ ಮಾತುಗಾರ ಯಾವ ವಿಷಯವನ್ನಾದರೂ ರುಚಿಯಾಗಿ ಬಡಿಸಬಲ್ಲ. ಅದೇ ವಿಷಯವನ್ನು ಇನ್ನೊಬ್ಬರು ಕಲಿಸುವಾಗಲೂ ಕೂರಿ. ಮೇಷ್ಟ್ರು ಇಷ್ಟವಾದರೋ, ವಿಷಯ ಇಷ್ಟವಾಯಿತೋ ಎಂದು ಆಗ ಗೊತ್ತಾಗುತ್ತದೆ. ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೇ ಬಹಳ ಪಾಠ ಮಾಡುತ್ತಾರೆ, ಮುಂದಿನ ವರ್ಷ ಅವರೇ ಇರುತ್ತಾರೆ ಎಂಬ ಖಾತ್ರಿ ಇಲ್ಲ.

ಕೂತಾಗ ಗಮನಿಸಬೇಕಾದ್ದು: ಪಾಠವಾ, ಡಿಕ್ಟೇಶನ್ನಾ? ವಿದ್ಯಾರ್ಥಿ ಪ್ರಶ್ನೆ ಕೇಳಿದರೆ ಉತ್ತರ ಬರುತ್ತದಾ, ಬೈಗುಳ ಬರುತ್ತದಾ? ಹಾಜರಿ ಆದ ಮೇಲೆ ಎಷ್ಟು ಜನ ಉಳಿದರು?

ತರಗತಿಗೆ ಹೋಗಲು ಆಗದವರಿಗೆ ಎರಡು ದಾರಿ. ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಆನ್‌ಲೈನ್ ಪಾಠದ ತಾಣದಲ್ಲಿ ಕೋರ್ಸಿಗೆ ಸೇರಲು ದುಡ್ಡು ಬೇಕಿಲ್ಲ, ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಹೆಚ್ಚಿನ ಪಾಠ ಇಂಗ್ಲಿಷಿನಲ್ಲಿ ಇರುತ್ತದೆ. ಇನ್ನೊಂದು, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ದತ್ತಿ ಉಪನ್ಯಾಸಗಳು. ಸಾಹಿತ್ಯ, ಇತಿಹಾಸ, ಸಮಾಜ ಎಲ್ಲದರ ಮೇಲೂ ನಡೆಯುತ್ತವೆ, ಪುಕ್ಕಟೆ. ಹಾರ, ಶಾಲು, ಸ್ವಾಗತ ಎಲ್ಲ ಮುಗಿದು ಉಪನ್ಯಾಸ ಶುರುವಾಗುವವರೆಗೆ ತಾಳ್ಮೆ ಇರಲಿ.

## ಹಂತ 6: ಹಳೆಯ ಪ್ರಶ್ನೆಪತ್ರಿಕೆ, ಇಪ್ಪತ್ತು ನಿಮಿಷ

ಉಳಿದ ಮೂರು ನಾಲ್ಕು ವಿಷಯಗಳ ಮೊದಲ ಸೆಮಿಸ್ಟರ್ ಪತ್ರಿಕೆ ತೆಗೆದುಕೊಳ್ಳಿ. ಪ್ರತಿಯೊಂದರಿಂದ ಒಂದು ದೊಡ್ಡ ಪ್ರಶ್ನೆ ಆರಿಸಿ. ಒಂದು ಗಂಟೆ ಓದಿ, ಪುಸ್ತಕ ಮುಚ್ಚಿ, ಟೈಮರ್ ಇಟ್ಟು ಇಪ್ಪತ್ತು ನಿಮಿಷ ಬರೆಯಿರಿ. ಉತ್ತರ ಚೆನ್ನಾಗಿ ಬರಬೇಕೆಂದೇನಿಲ್ಲ. ಹತ್ತನೇ ನಿಮಿಷದಲ್ಲಿ ಏನಾಗುತ್ತದೆ ನೋಡಿ. ಹೇಳುವುದು ಇನ್ನೂ ಇದೆ ಅನ್ನಿಸುತ್ತದಾ, ಅಥವಾ ಬರೆದದ್ದನ್ನೇ ತಿರುಗಿಸಿ ಬರೆಯುತ್ತಿದ್ದೀರಾ?

ನೀವು ಕನ್ನಡ ಮಾಧ್ಯಮದವರಾಗಿದ್ದರೆ ಕನ್ನಡದಲ್ಲಿ, ಇಂಗ್ಲಿಷ್ ಮಾಧ್ಯಮಕ್ಕೆ ಸೇರುವವರಾದರೆ ಇಂಗ್ಲಿಷಿನಲ್ಲಿ ಬರೆಯಿರಿ. ವಿಷಯ ಕಷ್ಟವೋ, ಭಾಷೆ ಕಷ್ಟವೋ ಇಲ್ಲೇ ಬೇರೆಯಾಗುತ್ತದೆ. ಭಾಷೆ ಕಷ್ಟ ಎಂದಾದರೆ ವಿಷಯ ಬಿಡಬೇಡಿ, ಮಾಧ್ಯಮ ಬದಲಿಸಿ.

## ಹಂತ 7: ಈಗ ಸೀನಿಯರ್ ಹತ್ತಿರ ಹೋಗಿ

"ಸುಲಭ ಇದೆಯಾ ಅಕ್ಕಾ?" ಎಂದು ಕೇಳಿದರೆ ಉಪಯೋಗವಿಲ್ಲ. ಹೀಗೆ ಕೇಳಿ: ಕಳೆದ ಸೆಮಿಸ್ಟರ್‌ನಲ್ಲಿ ಯಾವ ಪುಸ್ತಕ ಪೂರ್ತಿ ಓದಿದೆ? ಯಾವ ಪೇಪರಿನ ಪಾಠ ಕೊನೆಯ ವಾರದವರೆಗೆ ಶುರುವೇ ಆಗಲಿಲ್ಲ? ಮತ್ತೆ ಆರಿಸುವುದಾದರೆ ಯಾವುದನ್ನು ಬಿಡುತ್ತೀ? ಮೂರನೇ ಪ್ರಶ್ನೆಗೆ ಬರುವ ಉತ್ತರ ಹೆಚ್ಚಾಗಿ ನಿಜ ಇರುತ್ತದೆ.

ಒಂದೇ ಗುಂಪಿನವರನ್ನು ಕೇಳಬೇಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರು ಧಾರವಾಡದಲ್ಲಿ ಬೇಕಾದಷ್ಟಿದ್ದಾರೆ. ಅವರ ಕಣ್ಣಿಗೆ ಪ್ರತಿ ವಿಷಯವೂ ಕೆಎಎಸ್‌ಗೆ ಉಪಯೋಗವಾ ಎಂಬ ಒಂದೇ ಅಳತೆ. ತಪ್ಪೇನಲ್ಲ, ಆದರೆ ಅದು ಅವರ ಅಳತೆ.

## ಹಂತ 8: ಮೂರು ವಿಷಯ ಕೂಡಿಸಿ, ಒಂದು ಬಾಗಿಲು ತೆರೆದಿಡಿ

ಈಗ ನೋಟ್‌ಬುಕ್ ತೆರೆಯಿರಿ. ಒಂದು ವಿಷಯ ಖಂಡಿತ ಮುಂದೆ ಬಂದಿರುತ್ತದೆ. ಅದನ್ನು ಮೊದಲು ಬರೆಯಿರಿ. ಎರಡನೆಯದು ಅದಕ್ಕೆ ಕೈ ಕೊಡುವಂಥದ್ದಿರಲಿ: ಇತಿಹಾಸಕ್ಕೆ ಕನ್ನಡ, ಅರ್ಥಶಾಸ್ತ್ರಕ್ಕೆ ಸಮಾಜಶಾಸ್ತ್ರ ಅಥವಾ ಭೂಗೋಳ. ಮೂರನೆಯದು ನಿಮಗೆ ಅನುಮಾನ ಇರುವ, ಆದರೆ ಕುತೂಹಲ ಬಿಡದ ವಿಷಯ. ಮೂರೂ "ಸೇಫ್" ಎಂದು ಆರಿಸಿದರೆ ಇಷ್ಟೆಲ್ಲ ಮಾಡಿ ನೋಡಿದ್ದಕ್ಕೆ ಅರ್ಥವಿಲ್ಲ.

ಅರ್ಜಿಯಲ್ಲಿ ತುಂಬುವ ಮುಂಚೆ ಮುಂದಿನ ದಾರಿ ತೆರೆದಿದೆಯಾ ನೋಡಿ. ಶಿಕ್ಷಕರಾಗಬೇಕೆಂದಿದ್ದರೆ ನೇಮಕಾತಿ ಅಧಿಸೂಚನೆಯೊಂದನ್ನು ತೆರೆದು, ಪದವಿಯಲ್ಲಿ ಯಾವ ವಿಷಯ ಓದಿರಬೇಕು ಎಂಬ ಭಾಗ ಓದಿ. ಬಿಎಡ್‌ಗೂ ಹಾಗೆಯೇ. ಎಂಎಗೆ ಬಹಳಷ್ಟು ವಿಷಯಗಳಲ್ಲಿ ಬಿಎಯಲ್ಲಿ ಅದೇ ವಿಷಯ ಓದಿರಬೇಕೆಂದು ಕೇಳುತ್ತಾರೆ, ಕೆಲವಕ್ಕೆ ಯಾವ ಪದವಿಯಾದರೂ ನಡೆಯುತ್ತದೆ. ಇದನ್ನು ಯಾರ ಬಾಯಿಂದಲೂ ಕೇಳಿ ನಂಬಬೇಡಿ, ಪ್ರವೇಶ ಪ್ರಕಟಣೆಯಲ್ಲಿ ಕಣ್ಣಾರೆ ನೋಡಿ.

ಪೋರ್ಟಲ್‌ನಲ್ಲಿ ಅರ್ಜಿಯನ್ನು ನೀವೇ ಕೂತು ತುಂಬಿ. ಸೈಬರ್ ಸೆಂಟರಿನಲ್ಲಿ ತುಂಬಿಸುವುದಾದರೆ ಸಬ್‌ಮಿಟ್ ಒತ್ತುವ ಮುಂಚೆ ಪರದೆಯ ಮೇಲಿನ ಕಾಂಬಿನೇಶನ್ ಓದಿ. ಅಲ್ಲಿ ಸಾಲಿನಲ್ಲಿ ಜನ ನಿಂತಿರುತ್ತಾರೆ, ಅಂಗಡಿಯವರಿಗೆ ಅವಸರ, ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಡುತ್ತಾರೆ. ಅರ್ಜಿಯ ಪ್ರತಿ ಪ್ರಿಂಟ್ ತೆಗೆಸಿ.

## ಹಂತ 9: ಸೇರಿದ ಮೊದಲ ತಿಂಗಳು

ಬದಲಾವಣೆಯ ಕೊನೆಯ ದಿನಾಂಕವನ್ನು ಫೋನಿನಲ್ಲಿ ಅಲಾರಂ ಇಡಿ, ಅದಕ್ಕೆ ಒಂದು ವಾರ ಮುಂಚಿನದ್ದನ್ನೂ ಇಡಿ. ಆ ಅವಧಿಯಲ್ಲಿ ಒಂದು ತರಗತಿಯೂ ತಪ್ಪಿಸಬೇಡಿ. ಮೊದಲ ಎರಡು ವಾರ ಪಾಠವೇ ಶುರುವಾಗದ ಕಾಲೇಜುಗಳಿವೆ, ಅಂಥ ಕಡೆ ಹಂತ 4ರ ಕೆಲಸವನ್ನು ಸಿಲೆಬಸ್‌ನ ಮೊದಲ ಘಟಕದ ಮೇಲೆ ಮತ್ತೆ ಮಾಡಿ.

ಇವು ಕಂಡರೆ ತಕ್ಷಣ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ: ಒಂದು ವಿಷಯದ ನೋಟ್ಸ್ ಮಾತ್ರ ಬರೆಯದೆ ಖಾಲಿ ಉಳಿದಿದೆ. ಆ ತರಗತಿ ಇರುವ ದಿನವೇ ಮನೆಯಲ್ಲಿ ಕೆಲಸ ಬರುತ್ತದೆ. ಪಾಠ ಅರ್ಥವಾದರೂ ಮುಂದೆ ಓದುವ ಮನಸ್ಸಿಲ್ಲ. ಇದರಲ್ಲಿ ಮೂರನೆಯದು ನಿಜವಾದ ಸಮಸ್ಯೆ. ಅರ್ಥವಾಗದೇ ಇರುವುದು ಮೊದಲ ತಿಂಗಳಲ್ಲಿ ಸಹಜ, ಅಷ್ಟಕ್ಕೇ ವಿಷಯ ಬಿಡಬೇಡಿ.

ಬದಲಿಸುವುದೇ ಎಂದಾದರೆ ಅರ್ಜಿಯನ್ನು ಪ್ರಿನ್ಸಿಪಾಲರಿಗೆ ಬರೆಯಿರಿ. ಈಗಿನ ಕಾಂಬಿನೇಶನ್, ಬೇಕಾದ ಕಾಂಬಿನೇಶನ್, ಅರ್ಜಿ ಸಂಖ್ಯೆ, ದಿನಾಂಕ, ಪಾಲಕರ ಸಹಿ. ಕಾರಣ ಎರಡು ಸಾಲು ಸಾಕು. ಪ್ರತಿಯ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ. ವಾರದ ನಂತರ ಪೋರ್ಟಲ್‌ನಲ್ಲಿ ಹೆಸರಿನ ಮುಂದೆ ಹೊಸ ವಿಷಯ ಬಂದಿದೆಯಾ ನೋಡಿ. ಹಾಜರಿ ಪುಸ್ತಕದಲ್ಲಿ ಹೆಸರು ಸೇರಿಸಿದರು ಎಂದು ನಿಶ್ಚಿಂತೆಯಿಂದ ಇರಬೇಡಿ. ಪರೀಕ್ಷೆಯ ಹಾಲ್‌ಟಿಕೆಟ್ ಬರುವುದು ಪೋರ್ಟಲ್‌ನಲ್ಲಿ ಇರುವುದರ ಪ್ರಕಾರ.

ಅವಧಿ ಮುಗಿದ ಮೇಲೆ ಎಚ್ಚರವಾದವರು ಸಿಟ್ಟಿನಲ್ಲಿ ಟಿಸಿ ತೆಗೆದುಕೊಳ್ಳಬೇಡಿ. ಮೊದಲ ಸೆಮಿಸ್ಟರ್ ಪರೀಕ್ಷೆ ಬರೆದು ಮುಗಿಸಿ. ಅಷ್ಟರಲ್ಲಿ ಬೇಕಾದ ವಿಷಯವನ್ನು ಹಂತ 4ರಂತೆ ಪಕ್ಕದಲ್ಲಿ ಮಾಡುತ್ತಿರಿ. ಮುಂದಿನ ವರ್ಷ ಹೊಸದಾಗಿ ಸೇರುವುದೇ ಸರಿ ಎಂದಾದರೆ ಆ ಕಾಲೇಜಿನಲ್ಲಿ ಸೀಟು ಖಚಿತವಾಗಿ, ಶುಲ್ಕದ ರಸೀದಿ ಕೈಗೆ ಬಂದ ಮೇಲೆಯೇ ಇಲ್ಲಿನ ಪ್ರವೇಶ ರದ್ದು ಮಾಡಿಸಿ. ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ, ಪ್ರವೇಶ ರದ್ದಾದರೆ ಅದರ ಗತಿ ಏನು ಎಂದು ಆ ಇಲಾಖೆಯ ತಾಲೂಕು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.